ಹೊಗಳಿದರೆ ಬಿಚ್ಚಿಡುವ ಅಣ್ಣ

ನಮ್ಮ ಅಣ್ಣನನ್ನು ಹೊಗಳಿದವರು ಯಾರೂ ಇದುವರೆಗೆ ನೆಮ್ಮದಿಯಾಗಿ ಮನೆ ಸೇರಿಲ್ಲ. ನಾನೂ ಸೇರಿಲ್ಲ! ಅದೂ ಮರುದಿನ ನೆಂಟರು ಬರುವವರಿದ್ದು, ಮನೆಯಲ್ಲಿ ಒಂದು ಪಾತ್ರೆ ಉದ್ದಿನಬೇಳೆ ನೆನೆಹಾಕಿ ಬಂದಿದ್ದ ದಿನ.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಹೊಳಲ್ಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಹೊಲಿಗೆ ಮಿಷನ್ನು, ನೀರಿನ ಮೋಟರು, ಯಾವುದಾದರೂ ಸರಿ. ಅಂಗಡಿಗೆ ಬೋರ್ಡಿಲ್ಲ. ಬೋರ್ಡಿಲ್ಲದಿದ್ದರೂ ಮೂರು ತಾಲ್ಲೂಕಿನ ಕೆಟ್ಟ ಮಿಕ್ಸಿಗಳಿಗೆ ಅದರ ದಾರಿ ಗೊತ್ತು. ನನ್ನ ಮಿಕ್ಸಿಯನ್ನೂ ಹಳೆಯ ಟವಲಿನಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ಚಿತ್ರದುರ್ಗದಿಂದ ಬಸ್ಸಿನಲ್ಲಿ ಒಯ್ದಿದ್ದೆ. ಅಣ್ಣ ತಲೆಕೆಳಗು ಮಾಡಿದ, ನಾಲ್ಕು ಸ್ಕ್ರೂ ಬಿಚ್ಚಿದ, ಸವೆದ ಕಾರ್ಬನ್ ತುಂಡುಗಳನ್ನು ತೆಗೆದು ಹೊಸವು ಕೂರಿಸಿದ. ನಾನು ಕೇಳದೇ ಇದ್ದರೂ ಜಾರಿನ ರಬ್ಬರಿನ ಸಂದಿಯಲ್ಲಿದ್ದ ಹಳೆಯ ಚಟ್ನಿಯನ್ನೂ ಬೆಂಕಿಕಡ್ಡಿಯಿಂದ ಕೆದಕಿ ತೆಗೆದ. ಸ್ವಿಚ್ ಹಾಕಿದರೆ ಮಿಕ್ಸಿ ಮದುವೆಗೆ ಮುಂಚಿನ ದನಿಯಲ್ಲಿ ಹಾಡಿತು. ನನ್ನದು ಕಾನ್ವೆಂಟಿನಲ್ಲಿ ಕಲಿತ ಬಾಯಿ, ಸುಮ್ಮನಿರುತ್ತದೆಯೇ? "ಬ್ರಿಲಿಯಂಟ್!" ಎಂದುಬಿಟ್ಟೆ.

ಅಣ್ಣ ಪ್ಲಗ್ ಕಿತ್ತ. ಮತ್ತೆ ತಲೆಕೆಳಗು ಮಾಡಿದ. ನಾಲ್ಕೂ ಸ್ಕ್ರೂ ಬಿಚ್ಚಿದ, ಹೊಸ ಕಾರ್ಬನ್ ತೆಗೆದ, ಕಸದ ಡಬ್ಬಿಯಿಂದ ನನ್ನ ಹಳೆಯದನ್ನೇ ಹುಡುಕಿ ಕೂರಿಸಿ, ಟವಲನ್ನು ನಾನು ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿ ಕೈಗೆ ಕೊಟ್ಟ.

"ಹುಷಾರಾಗಿ ಹೋಗಮ್ಮ. ಭಾವನ್ನ ಕೇಳ್ದೆ ಅಂತ ಹೇಳು."

ಅಷ್ಟೇ. ಸಿಟ್ಟಿಲ್ಲ, ಜಗಳವಿಲ್ಲ. ಆ ದಿನ ನನ್ನ ಉದ್ದಿನಬೇಳೆ ಪಕ್ಕದ ಮನೆಯ ಮಿಕ್ಸಿಯಲ್ಲಿ ರುಬ್ಬಿಸಿಕೊಂಡಿತು. ಮುಂದಿನ ವಾರ ಮತ್ತೆ ಹೋಗಿ, ಮಿಕ್ಸಿ ತಿರುಗಿದಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ "ಪರವಾಗಿಲ್ಲ" ಎಂದೆ. ಅದು ಇವತ್ತಿಗೂ ತಿರುಗುತ್ತಿದೆ.

ಒಮ್ಮೆ ನಮ್ಮ ಜನಾಂಗದವರು ಹೊಳಲ್ಕೆರೆಯಲ್ಲಿ ಪ್ರತಿಭಾ ಪುರಸ್ಕಾರ ಇಟ್ಟುಕೊಂಡಿದ್ದರು. ಶಾಲು, ಫಲಕ, ಪುಷ್ಪಗುಚ್ಛ, ಎಲ್ಲವೂ ಇತ್ತು. ಮೈಕು ಮಾತ್ರ ಮಾತಾಡಲಿಲ್ಲ. ಅಣ್ಣನನ್ನು ಕರೆಸಿದರು. ಐದು ನಿಮಿಷದಲ್ಲಿ ಸರಿಮಾಡಿದ. ಮುಖ್ಯ ಅತಿಥಿಗಳಿಗೆ ಯಾರೋ ಹಿಂದಿನಿಂದ ಇವನ ಶಾಲೆಯ ದಿನಗಳ ಅಂಕಗಳ ಕಥೆ ಕಿವಿಯಲ್ಲಿ ಹೇಳಿರಬೇಕು. ಅವರು ಮೈಕು ಹಿಡಿದು ಆಡಿದ ಮೊದಲ ಮಾತೇ "ಇಂಥ ಬ್ರಿಲಿಯಂಟ್ ಯುವಕ" ಎಂದು. ಎರಡನೆಯ ಮಾತು ಮೈಕಿನಲ್ಲಿ ಬರಲೇ ಇಲ್ಲ. ಆ ದಿನದ ಭಾಷಣಗಳೆಲ್ಲ ಮುಂದಿನ ಎರಡು ಸಾಲಿಗೆ ಮಾತ್ರ ಕೇಳಿಸಿದವು. ಹಿಂದಿನ ಸಾಲುಗಳವರು ಈಗಲೂ ಅಣ್ಣನಿಗೆ ದಾರಿಯಲ್ಲಿ ಸಿಕ್ಕರೆ ಕೈಮುಗಿಯುತ್ತಾರೆ.

ಈ ಪದಕ್ಕೆ ಅವನು ಹೀಗೆ ಹೆದರಿದರೆ ಈ ಕಾಲದಲ್ಲಿ ಬದುಕುವುದಾದರೂ ಹೇಗೆ? ಈಗ ಯಾರು ಬ್ರಿಲಿಯಂಟ್ ಅಲ್ಲ ಹೇಳಿ! ನಮ್ಮ ಕಾಲೋನಿಯಲ್ಲಿ ಮೂರು ವರ್ಷದ ಮಗು ಫೋನಿನ ಲಾಕ್ ತೆಗೆದರೆ ಬ್ರಿಲಿಯಂಟ್. ಒಳ್ಳೆಯ ಕಡೆ ಸೈಟು ಹೊಡೆದುಕೊಂಡವನು ಬ್ರಿಲಿಯಂಟ್. ಮಹಿಳಾ ಗುಂಪಿನ ವಾಟ್ಸಾಪಿನಲ್ಲಿ ನನ್ನ ಅವರೆಕಾಳಿನ ಸಾರಿನ ಫೋಟೋಗೆ ಏಳು ಜನ ಬ್ರಿಲಿಯಂಟ್ ಎಂದಿದ್ದಾರೆ, ಒಬ್ಬರೂ ರುಚಿ ನೋಡಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಈ ವಿಷಯದಲ್ಲಿ ಮಹಾ ಜಿಪುಣಿಯರು. ಹತ್ತು ವರ್ಷವೂ ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆದದ್ದು "ಪ್ರಯತ್ನ ಪಡುತ್ತಾಳೆ" ಎಂದೊಂದೇ ಸಾಲು. ಆಗ ಅತ್ತಿದ್ದೆ. ಅಣ್ಣನನ್ನು ನೋಡಿದ ಮೇಲೆ, ಆ ಸಾಲಿನ ನೆರಳಿನಲ್ಲಿ ನಾನು ಎಷ್ಟು ತಣ್ಣಗೆ ಬೆಳೆದೆ ಎಂದು ಅರ್ಥವಾಯಿತು.

ಯಾಕೆಂದರೆ ಅಣ್ಣ ಬೆಳೆದದ್ದು ಬಿಸಿಲಿನಲ್ಲಿ. ದೊಡ್ಡಪ್ಪ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕ್ಲರ್ಕ್ ಆಗಿದ್ದರು. ಆ ಕಿಂಡಿಯಲ್ಲಿ ಕೈಹಾಕಿದವರಿಗೆ ಟಿಕೆಟ್ಟಿನ ಜೊತೆಗೆ ಮಗನ ಅಂಕಗಳೂ ಸಿಗುತ್ತಿದ್ದವು. "ನಮ್ ಹುಡ್ಗ ಬ್ರಿಲಿಯಂಟ್ ಕಣ್ರಿ" ಎಂದು ಶುರುವಾದರೆ, ರೈಲು ಹೊರಟರೂ ಇವರ ಮಾತು ಪ್ಲಾಟ್‌ಫಾರಂ ಬಿಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವನು ತಾಲ್ಲೂಕಿಗೇ ಮೊದಲು ಬಂದ. ಪಿಯುಸಿಯಲ್ಲಿ ಚಿತ್ರದುರ್ಗದ ಒಂದು ಟ್ಯೂಷನ್ನಿನವರು ಅವನ ಫೋಟೋವನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ, ತಲೆಯ ಹಿಂದೆ ದೇವರ ಪಟದಲ್ಲಿರುವಂಥ ಪ್ರಭೆ ಹಾಕಿ, ಕೆಳಗೆ ಕೆಂಪಕ್ಷರದಲ್ಲಿ ಆ ಪದ ಬರೆಸಿ, ಸರ್ಕಲ್ಲಿನಲ್ಲಿ ಕಟ್ಟಿದರು. ವರ್ಷ ಕಳೆದು ಅದನ್ನು ಇಳಿಸಿದಾಗ ದೊಡ್ಡಪ್ಪ ಕೇಳಿ ತಂದು, ಊರಿನವರೂ ನೋಡಲಿ ಎಂದು ಹಿರೇಗುಂಟನೂರಿನ ನಮ್ಮ ಮನೆಗೆ ಕೊಟ್ಟರು. ನಮ್ಮಪ್ಪ ಕೆಲವು ದಿನ ಗೋಡೆಗೆ ಕಟ್ಟಿದ್ದರು. ಮಳೆ ಬಂತು. ಮಳೆ ಬಂದ ಮೇಲೆ ಒಕ್ಕಲಿಗರ ಮನೆಯಲ್ಲಿ ಫ್ಲೆಕ್ಸ್ ಎಲ್ಲಿಗೆ ಹೋಗುತ್ತದೆ? ರಾಗಿ ಹುಲ್ಲಿನ ಬಣವೆಯ ಮೇಲಕ್ಕೆ.

ಅಣ್ಣ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಟ್ರಂಕಿನ ಸಮೇತ ಬಂದಾಗ, ತಂದೆಯ ಎದುರು ನಿಲ್ಲಲಾರದೆ ಮೊದಲು ನಮ್ಮ ಮನೆಗೇ ಬಂದ. ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಬಣವೆಯ ಮುಂದೆ ನಿಂತಿದ್ದಾನೆ. ಮೇಲೆ ಅವನದೇ ಮುಖ, ಪ್ರಭೆಯ ಮೇಲೆ ಕೋಳಿಯ ಹಿಕ್ಕೆ. ತುಂಬ ಹೊತ್ತು ನಿಂತಿದ್ದ. ಆಮೇಲೆ ಹಗ್ಗ ಬಿಚ್ಚಿ, ಫ್ಲೆಕ್ಸನ್ನು ಮಗುಚಿ ಮುಖ ಹುಲ್ಲಿನ ಕಡೆಗೆ ಮಾಡಿ, ಮೊದಲಿಗಿಂತ ಬಿಗಿಯಾಗಿ ಕಟ್ಟಿದ.

ಯಾಕೆ ಬಿಟ್ಟೆ ಎಂದು ಬಹಳ ವರ್ಷದ ಮೇಲೆ ಕೇಳಿದ್ದೆ. ಆಗ ಅವನು ಫ್ಯಾನಿನ ತಂತಿ ಸುತ್ತುತ್ತಿದ್ದ, ಎಣಿಕೆ ತಪ್ಪದಂತೆ ಸುತ್ತುತ್ತಲೇ ಹೇಳಿದ.

"ಅರ್ಥ ಆಗ್ಲಿಲ್ಲ ಅಂತ ಕೈ ಎತ್ತಾಕೆ ಆಗ್ಲಿಲ್ಲಮ್ಮ. ಎತ್ತಿದ್ರೆ ಕ್ಲಾಸೆಲ್ಲ ತಿರುಗಿ ನೋಡೋದು, ಇವ್ನಿಗೂ ಅರ್ಥ ಆಗಿಲ್ವಾ ಅಂತ. ಹಂಗೇ ಕೈ ಕಟ್ಕಂಡು ಒಂದೂವರೆ ವರ್ಷ ಕುಂತೆ."

ನಮ್ಮಲ್ಲಿಂದ ತನ್ನ ಮನೆಗೆ ಹೋದ ಮೇಲೆ ಹನ್ನೊಂದು ತಿಂಗಳು ಕೋಣೆಯಿಂದ ಹೊರಬರಲಿಲ್ಲ. ದೊಡ್ಡಮ್ಮ ಬಾಗಿಲಿಗೆ ತಟ್ಟೆ ಇಟ್ಟು ಹೋಗುತ್ತಿದ್ದರು, ಆಮೇಲೆ ಅರ್ಧ ತುಂಬಿದ ತಟ್ಟೆ ತೆಗೆದುಕೊಂಡು ಬರುತ್ತಿದ್ದರು. ದೊಡ್ಡಪ್ಪ ಬಾಗಿಲಿನ ಹೊರಗೆ ನಿಂತು, ನೀನು ಬ್ರಿಲಿಯಂಟ್ ಕಣೋ, ನಿನಗೇನಾಗಿದೆ ಎಂದು ಒಂದೇ ಮಾತು ಹೇಳುತ್ತಿದ್ದರಂತೆ. ಅವರ ಪಾಲಿಗೆ ಅದು ಧೈರ್ಯದ ಮಾತು. ಒಂದು ದಿನ ಮನೆಯ ಮಿಕ್ಸಿ ಕೆಟ್ಟಿತು. ಮಣಿಕಟ್ಟು ನೋವಿನ ದೊಡ್ಡಮ್ಮ ಒರಳಿನಲ್ಲಿ ರುಬ್ಬುವ ಸದ್ದು, ನಡುನಡುವೆ ನಿಲ್ಲಿಸಿ ಉಸಿರು ಬಿಡುವ ಸದ್ದು, ಮೂರು ದಿನ ಕೋಣೆಯೊಳಗೆ ಕೇಳಿಸಿರಬೇಕು. ನಾಲ್ಕನೆಯ ದಿನ ಅಣ್ಣ ಹೊರಗೆ ಬಂದು ಮಿಕ್ಸಿ ಬಿಚ್ಚಿದ. ಅದು ತಿರುಗಿದಾಗ ದೊಡ್ಡಮ್ಮ ಏನೂ ಹೇಳಲಿಲ್ಲ. ಕಾಯಿಚೂರು ಹಾಕಿ ಚಟ್ನಿ ರುಬ್ಬಿದರು. ಆ ಪುಣ್ಯಾತ್ಗಿತ್ತಿ ಈಗ ಇಲ್ಲ.

ಅಲ್ಲಿಂದ ಶುರುವಾದ ರಿಪೇರಿ ಹೊಳಲ್ಕೆರೆಯ ಅಂಗಡಿಯಾಯಿತು. ದೊಡ್ಡಪ್ಪ ಮಾತ್ರ ಮಗನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ರಿಟೈರಾಗಿ ಹೊಳಲ್ಕೆರೆಯಲ್ಲೇ ಮನೆ ಕಟ್ಟಿದರು. ಮನೆಯಿಂದ ಅಂಗಡಿಗೆ ನೂರು ಹೆಜ್ಜೆ, ಹದಿನೈದು ವರ್ಷವಾದರೂ ಆ ನೂರು ಹೆಜ್ಜೆ ನಡೆಯಲಿಲ್ಲ. ಯಾರಾದರೂ ಕೇಳಿದರೆ ಮಗ ಏನೋ ಸಂಶೋಧನೆ ಮಾಡುತ್ತಿದ್ದಾನೆ ಎನ್ನುತ್ತಿದ್ದರು. ಮನೆಯ ಫ್ಯಾನು ಕೆಟ್ಟಾಗ ಅದನ್ನು ತೊಡೆಗಳ ನಡುವೆ ನಿಲ್ಲಿಸಿಕೊಂಡು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋದರು! ಅಲ್ಲಿನ ಮೆಕ್ಯಾನಿಕ್ ಎರಡು ದಿನ ಒದ್ದಾಡಿ, ಕೈಗೆ ಹತ್ತದೆ, ತನಗಿಂತ ಚೆನ್ನಾಗಿ ಬಲ್ಲ ಒಬ್ಬನಿಗೆ ಬಸ್ಸಿನಲ್ಲಿ ಕಳಿಸಿದ. ಯಾರಿಗೆ ಎಂದು ಬೇರೆ ಹೇಳಬೇಕೇ? ಅಣ್ಣ ನೋಡಿದೊಡನೆ ಗುರುತು ಹಿಡಿದ. ರಿಪೇರಿ ಮಾಡಿ, ತುಟಿ ಬಿಚ್ಚದೆ ಹೊಸದುರ್ಗಕ್ಕೇ ವಾಪಸ್ ಕಳಿಸಿದ. ದೊಡ್ಡಪ್ಪ ಹೋಗಿ ತಂದು, ಹಾಕಿಸಿ, ಆ ಹೊಸದುರ್ಗದವನು ಬ್ರಿಲಿಯಂಟ್ ಎಂದು ಬಂದವರಿಗೆಲ್ಲ ಹೇಳಿದರು. ಅಣ್ಣ ಅದರ ಕೆಳಗೇ ಕೂತು ಊಟ ಮಾಡಿದ. ಆ ಒಂದು ಫ್ಯಾನನ್ನು ಮಾತ್ರ ಅವನು ಬಿಚ್ಚಲಿಲ್ಲ.

ಕಳೆದ ವರ್ಷ ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ್ದರಿಂದ ಗಂಜಿ ಒಯ್ಯುವ ಕೆಲಸ ನನ್ನದಾಯಿತು. ಮೂರನೆಯ ದಿನ ಕಣ್ಣು ಬಿಟ್ಟರು. ನರ್ಸ್ ಹೆಸರು ಕೇಳಿದಳು. ದೊಡ್ಡಪ್ಪ ಬಹಳ ಕಷ್ಟಪಟ್ಟು ತುಟಿ ಕೂಡಿಸಿ ಹೇಳಿದರು, "ಬ್ರಿಲಿಯಂಟ್."

ಎಲ್ಲಿ ನೋವು ಎಂದು ಕೇಳಿದಳು. ಅದಕ್ಕೂ ಅದೇ. ನೀರು ಬೇಕಾ ಎಂದರೂ ಅದೇ. ಆಸ್ಪತ್ರೆಯ ಸೇವೆಯನ್ನು ಹೊಗಳುತ್ತಿದ್ದಾರೆ ಎಂದುಕೊಂಡು ಅವಳು ಥ್ಯಾಂಕ್ಸ್ ಹೇಳಿದಳು, ಪಾಪ! ಡಾಕ್ಟರು ಬಂದು ವಿವರಿಸಿದರು. ಮಿದುಳಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಮಾತೆಲ್ಲ ಅಳಿಸಿಹೋಗಿ ಒಂದೇ ಪದ ಉಳಿಯುವುದುಂಟು, ಅದನ್ನು ಅವರು ಬೇಕೆಂದು ಹೇಳುವುದಲ್ಲ, ಬಾಯಿಗೆ ಬರುವುದು ಅದೊಂದೇ. ಇನ್ನೊಮ್ಮೆ ಇಂಥ ಪೆಟ್ಟು ಬಿದ್ದರೆ ಉಳಿಯುವುದು ಕಷ್ಟ, ಹೆಚ್ಚು ದಿನವಿದೆ ಎಂದು ಹೇಳಲಾರೆ ಎಂದೂ ಹೇಳಿದರು.

ನಾನು ಅಣ್ಣನನ್ನು ನೋಡಿದೆ. ಮಂಚದ ಕಾಲ ಬಳಿ ನಿಂತು ಗ್ರೀಸಿನ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಕೈ ಯಾವಾಗಲೋ ಶುದ್ಧವಾಗಿತ್ತು. ಒರೆಸುತ್ತಲೇ ಇದ್ದ. ಇವನು ಇನ್ನು ಇಲ್ಲಿ ನಿಲ್ಲುವುದಿಲ್ಲ, ಓಡಿಹೋಗುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಮಧ್ಯಾಹ್ನ ಹೇಳದೆ ಕೇಳದೆ ಹೊರಟೂ ಹೋದ.

ಮರುದಿನ ಬಂದ, ಒಂದು ವ್ಯಾನು ತೆಗೆದುಕೊಂಡು. ಅಂಗಡಿ ಮುಚ್ಚುವ ಹಾಗಿಲ್ಲ, ತಂದೆಯನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವ ಹಾಗೂ ಇಲ್ಲ. ಅದಕ್ಕೆ ಅಂಗಡಿಯ ಅರ್ಧ ಖಾಲಿ ಮಾಡಿ, ಸುಣ್ಣ ಬಳಿದು, ಮಂಚ ಹಾಕಿ ಬಂದಿದ್ದ. ಹದಿನೈದು ವರ್ಷ ಆ ಮೆಟ್ಟಿಲು ಹತ್ತದ ದೊಡ್ಡಪ್ಪ ಮಗನ ತೋಳಿನ ಮೇಲೆ ಮಲಗಿ ಹತ್ತಿದರು. ಇಷ್ಟವಿತ್ತೋ ಇಲ್ಲವೋ ಯಾರು ಬಲ್ಲರು? ಕೇಳಿದರೆ ಬರುವ ಉತ್ತರ ಒಂದೇ.

ಮೊದಲ ದಿನವೇ ಪರೀಕ್ಷೆಯಾಯಿತು. ಜವನಗೊಂಡನಹಳ್ಳಿಯಿಂದ ಬಂದಿದ್ದ ಒಂದು ಮೋಟರನ್ನು ಅಣ್ಣ ಸರಿಮಾಡಿ ತಿರುಗಿಸಿದ. ಮಂಚದಿಂದ ಜೋರಾಗಿ "ಬ್ರಿಲಿಯಂಟ್" ಎಂದು ಬಂತು. ಗಿರಾಕಿ ಹೆದರಿ ಮೋಟರಿನ ಮೇಲೆ ಕೈಯಿಟ್ಟುಕೊಂಡ. ಅಣ್ಣನ ಕೈ ಅಭ್ಯಾಸಬಲದಿಂದ ಸ್ಕ್ರೂಡ್ರೈವರಿಗೆ ಹೋಯಿತು. ಹೋಗಿ, ಅಲ್ಲೇ ನಿಂತಿತು. ದೊಡ್ಡಪ್ಪನ ಎಡಗಾಲು ಚಾದರವನ್ನು ಒದೆಯುತ್ತಿತ್ತು. ಅವರಿಗೆ ಮೂತ್ರಕ್ಕೆ ಅವಸರವಾಗಿತ್ತು. ಅಣ್ಣ ಸ್ಕ್ರೂಡ್ರೈವರ್ ಇಟ್ಟು ಪಾತ್ರೆ ಹಿಡಿದ. ಮೋಟರು ಕ್ಷೇಮವಾಗಿ ಊರಿಗೆ ಹೋಯಿತು.

ಆಮೇಲೆ ಅವನು ತಂದೆಯನ್ನು ಕಲಿಯತೊಡಗಿದ. ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನು ನೋಡಿದ್ದೀರಲ್ಲ? ಹಾಗೆ. ನಾನು ಬೆರಗಾದರೆ ಅವನಿಗೆ ಅದು ದೊಡ್ಡ ವಿಷಯವೇ ಅಲ್ಲ.

"ಬೇರಿಂಗ್ ಹೋದ್ರೂ ಗುಂಯ್ ಅಂತೈತೆ, ಬುಷ್ ಹೋದ್ರೂ ಗುಂಯ್ ಅಂತೈತೆ. ಕಿವಿ ಕೊಟ್ರೆ ಬ್ಯಾರೆ ಬ್ಯಾರೆ ಅಂತ ಗೊತ್ತಾಗ್ತೈತೆ."

ಆ ಪದದ ಕೊನೆಯನ್ನು ಎಳೆದರೆ ನೀರು. ಎರಡು ಸಲ ಬಿಡದೆ ಅಂದರೆ ಮಗ್ಗಲು ಬದಲಿಸಬೇಕು. ಹಲ್ಲು ಕಚ್ಚಿ ಅಂದರೆ ನೋವು. ಹಾಲಿನವನನ್ನು ಕಂಡು ಅಂದರೆ ಬೈಗುಳ. ಒಂದನ್ನು ಮಾತ್ರ ಅವನಿಗೆ ಹಿಡಿಯಲಾಗಲಿಲ್ಲ. ಮಧ್ಯಾಹ್ನದ ಹೊತ್ತು ಬರುವುದು, ಮೆಲ್ಲಗೆ, ಅರ್ಧದಲ್ಲೇ ನಿಂತುಬಿಡುವುದು. ನೀರು ಕೊಟ್ಟ, ಬೆನ್ನು ಕೆರೆದ, ಕಿಟಕಿ ತೆಗೆದ, ಮುಚ್ಚಿದ. ಯಾವುದೂ ಅಲ್ಲ. ದೊಡ್ಡಪ್ಪ ಊಟ ಕಡಿಮೆ ಮಾಡುತ್ತಾ ಬಂದಿದ್ದರು, ಕಣ್ಣು ಒಳಕ್ಕೆ ಹೋಗಿತ್ತು. ಅಣ್ಣ ನನಗೆ ಫೋನು ಮಾಡಿದ. ಅವನು ತಾನಾಗಿ ಫೋನು ಮಾಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

"ಅಪ್ಪ ಏನೋ ಕೇಳ್ತೈತೆ ಕಣಮ್ಮ. ಅದೊಂದು ಅರ್ಥ ಆಗ್ತಿಲ್ಲ. ಕೊಡದೇ ಕಳ್ಸಿಬಿಡ್ತೀನೇನೋ ಅಂತ ಭಯ. ನೀನೊಂದ್ಸಲ ಬಂದು ನೋಡು."

ಅರ್ಥವಾಗುತ್ತಿಲ್ಲ ಎಂದು ಅವನ ಬಾಯಲ್ಲಿ! ನಾನು ಮರುದಿನವೇ ಹೋದೆ. ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದೆ. ಅಣ್ಣ ಕೈಜಾರಿದ ಸ್ಪ್ರಿಂಗನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದ. ಮಂಚದಿಂದ ಆ ಸಣ್ಣ ದನಿ ಬಂತು. ಅವನು ಎದ್ದು ತಿರುಗಿದ. ದನಿ ನಿಂತಿತು. ಏನು ಬೇಕಪ್ಪ ಎಂದು ಕೇಳಿದ. ದೊಡ್ಡಪ್ಪ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಗ್ಗಿದ. ಮತ್ತೆ ಬಂತು.

ಬೇರೇನಲ್ಲ ಅಣ್ಣ, ನೀನು ಕಣ್ಣಿಗೆ ಕಾಣದಿದ್ದಾಗ ಮಾತ್ರ ಅನ್ನುತ್ತಾರೆ ಎಂದೆ.

ಅವನು ನಂಬಲಿಲ್ಲ. ರಿಪೇರಿಯವನಲ್ಲವೇ, ಪರೀಕ್ಷೆ ಮಾಡಿದ. ಕೂತ, ದನಿ ಬಂತು. ಎದ್ದ, ನಿಂತಿತು. ಹೀಗೆ ಮೂರು ಸಲ. ನಾಲ್ಕನೆಯ ಸಲ ಕೂತವನು ಏಳದೆ, ಮೇಜಿನ ಕೆಳಗಿನಿಂದಲೇ ಓಗೊಟ್ಟ.

"ಓ. ಇಲ್ಲೇ ಇದೀನಪ್ಪ."

ದೊಡ್ಡಪ್ಪನ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾಗಿ, ಎಡಗೈ ಚಾದರವನ್ನು ಬಿಟ್ಟಿತು. ನಿದ್ದೆ ಬಂದಿತ್ತು. ಸ್ಪ್ರಿಂಗು ನನ್ನ ಕಾಲಿನ ಹತ್ತಿರವೇ ಬಿದ್ದಿತ್ತು, ನನಗೆ ಕಾಣುತ್ತಿತ್ತು. ನಾನು ಹೇಳಲಿಲ್ಲ. ಅಣ್ಣ ಮೇಜಿನ ಕೆಳಗೆ ಅದನ್ನು ಬಹಳ ಹೊತ್ತು ಹುಡುಕಿದ.