ತರಕಾರಿ ಗಾಡಿಯ ಪಿಟೀಲು

ಟೊಮೇಟೊ ಮೂರು ಕ್ರೇಟಿಗೆ ಸಾವಿರದ ಇನ್ನೂರು, ಬೀನ್ಸು ಬದನೆ ಸೇರಿ ಸಾವಿರದ ಎಂಟುನೂರು, ಸೊಪ್ಪಿಗೆ ಏಳುನೂರು, ಕಡೂರಿನಿಂದ ಅಜ್ಜಂಪುರಕ್ಕೆ ಡೀಸೆಲ್ ಮುನ್ನೂರು. ಒಟ್ಟು ನಾಲ್ಕು ಸಾವಿರ. ಸಂಗೀತಕ್ಕೆ ಮಾತ್ರ ಸಿಕಂದರ್ ಒಂದು ಪೈಸೆಯನ್ನೂ ಖರ್ಚು ಮಾಡಿರಲಿಲ್ಲ. ಅದು ಪುಕ್ಕಟೆ ಸಿಕ್ಕಿತ್ತು.

ಅಲ್ಲಿಯವರೆಗೆ ಅವನ ಲಗೇಜ್ ಆಟೋದ ಮೈಕಿನಲ್ಲಿ ಅವನದೇ ಗಂಟಲು ಕೂಗುತ್ತಿತ್ತು. ಪೇಟೆ ಬೀದಿಯ ತೀರ್ಥಮ್ಮ ಅದಕ್ಕೆ ಕೊನೆ ಹಾಡಿದ್ದರು.

"ಲೇ ಸಿಕಂದರ್, ನಿನ್ ಗಂಟ್ಲಿಗೆ ಬೀಗ ಹಾಕ! ನೀ ಕೂಗಿದ್ ಏಟ್ಗೆ ಮೊಮ್ಮಗು ತೊಟ್ಲಲ್ಲಿ ಬೆಚ್ಚಿ ಬೀಳ್ತದೆ. ಏನಾದ್ರೂ ಮೆತ್ತಗಿರೋದು ಹಾಕೋ. ಇಲ್ದಿದ್ರೆ ಈ ಬೀದೀಲಿ ಒಂದ್ ಮೆಣ್ಸಿನ್ಕಾಯಿ ಮಾರು, ನೋಡಾನ."

ಅಕ್ಕನ ಮಗಳು ಸುಮಯ್ಯ ಕಾಲೇಜಿನ ಹುಡುಗಿ. ಫೋನಿನಲ್ಲಿ ಹುಡುಕಿ, ನೂರು ಜನ ಒಟ್ಟಿಗೆ ಪಿಟೀಲು ಕುಯ್ಯುವ ವಿಲಾಯತಿ ವಾದ್ಯಗೋಷ್ಠಿಯೊಂದನ್ನು ತೆಗೆದು, ಅದರ ಕೆಳಗೆ ಬರೆದಿದ್ದನ್ನು ಓದಿದಳು. "ಮಾಮು, ವೇಗ ನಿಮಿಷಕ್ಕೆ ಐವತ್ತೆಂಟು ಪೆಟ್ಟು. ಶ್ರುತಿ ಡಿ ಮೈನರ್. ಭಾವ ಗಂಭೀರ."

ಸಿಕಂದರ್ ಬದನೆಕಾಯಿ ಆರಿಸುವಷ್ಟೇ ಎಚ್ಚರದಿಂದ ಯೋಚಿಸಿದ. ಗಾಡಿ ನಿಧಾನ ಹೋಗುತ್ತದೆ, ಸಂಗೀತವೂ ನಿಧಾನ. ವ್ಯಾಪಾರ ಗಂಭೀರವಾದದ್ದು, ಭಾವವೂ ಗಂಭೀರ. ಶ್ರುತಿ ಅವನಿಗೆ ತಿಳಿಯದ ವಿಷಯ, ಅದನ್ನು ಬಿಟ್ಟ. "ಇದೇ ಇರ್ಲಿ" ಎಂದ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಪೇಟೆ ಬೀದಿಯಲ್ಲಿ ಎಂದಿನಂತೆ ಬೆನಕಪ್ಪನವರ ಮನೆ ಮುಂದಿನ ಹೊಂಗೆ ನೆರಳಿಗೆ ಗಾಡಿ ನಿಲ್ಲಿಸಿ ಪಿಟೀಲು ಹಚ್ಚಿದ. ಬೆನಕಪ್ಪನವರಿಗೆ ಎಂಬತ್ತಮೂರು. ಶಿವಮೊಗ್ಗದ ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಬಾಗಿಲು ಮುಚ್ಚಿತ್ತು.

ಪಿಟೀಲು ಕರುಳು ಹಿಂಡಿದಂತೆ ಎಳೆಯಿತು. ತೀರ್ಥಮ್ಮ ಹೊರಗೆ ಬಂದರು, ಗಾಡಿ ನೋಡಿದರು, ಮುಚ್ಚಿದ ಬಾಗಿಲು ನೋಡಿದರು, ಸೆರಗು ಬಾಯಿಗೆ ಹಿಡಿದರು.

"ಯಾವಾಗ ಹೋಯ್ತಪ್ಪಾ ಜೀವ?"

"ಯಾರ್ದಕ್ಕಾ? ಯಾರಿಗೂ ಏನೂ ಆಗಿಲ್ಲ. ಟೊಮೇಟೊ ಎಷ್ಟ್ ಹಾಕ್ಲಿ?"

"ಪಾಪ, ದುಃಖ ನುಂಗ್ಕಂಡು ವ್ಯಾಪಾರದ ಮಾತಾಡ್ತಾವ್ನೆ" ಎಂದು ತೀರ್ಥಮ್ಮ ಪಕ್ಕದ ಮನೆಯವರಿಗೆ ಹೇಳಿದರು.

ಹತ್ತು ನಿಮಿಷದಲ್ಲಿ ಬೀದಿ ತುಂಬಿತು. ಬಟ್ಟೆ ಅಂಗಡಿ ಧನಪಾಲ್ ಅರ್ಧ ಷಟರ್ ಎಳೆದು, ಕೈಯಲ್ಲಿ ಸೇವಂತಿಗೆ ಹಾರ ಹಿಡಿದು ಬಂದ. ಯಾರೋ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಲು ಬಿದಿರಿಗೆ ಹೇಳಿಕಳಿಸಿದರು. ಇನ್ಯಾರೋ ಬೆನಕಪ್ಪನವರ ತರೀಕೆರೆಯ ಅಳಿಯ ರಾಜಶೇಖರನಿಗೆ ಫೋನ್ ಮಾಡಿದರು. ಬಾಗಿಲು ಮಾತ್ರ ಯಾರೂ ತಟ್ಟಲಿಲ್ಲ. ಮನೆಯವರು ತಾವಾಗಿ ತೆರೆಯುವ ಮೊದಲು ಅಂಥ ಬಾಗಿಲು ತಟ್ಟುವುದು ಮರ್ಯಾದೆಯಲ್ಲ.

ಸಿಕಂದರನಿಗೆ ಬೇರೆ ಚಿಂತೆ. ಬಿಸಿಲು ಏರುತ್ತಿತ್ತು. ಹನ್ನೆರಡರೊಳಗೆ ಹೋಗದ ಸೊಪ್ಪು ದನಕ್ಕೇ ಸರಿ. "ತಗಳ್ರಮ್ಮಾ, ಬೀನ್ಸ್ ಎಳೇದಿದೆ" ಎಂದು ಮೆಲ್ಲಗೆ ಕೂಗಿದ.

"ಥೂ, ನಿಂಗೇನ್ ತಲೆ ನೆಟ್ಟಗಿದೆಯೇನೋ? ಬೀದೀಲಿ ಹೆಣ ಇಟ್ಕಂಡು ಯಾರಾದ್ರೂ ಒಲೆ ಹಚ್ತಾರೇನೋ? ಎತ್ತೋಗಂಟ ನೀರೂ ಕಾಯ್ಸಂಗಿಲ್ಲ" ಎಂದು ತೀರ್ಥಮ್ಮ ಗದರಿದರು.

ಇದೆಲ್ಲ ಪಿಟೀಲಿನ ನಿಧಾನದಿಂದ ಆದದ್ದೆಂದು ಸಿಕಂದರನಿಗೆ ಆಗ ಹೊಳೆಯಿತು. ಫೋನಿನಲ್ಲಿ ವೇಗವನ್ನು ಎರಡು ಪಟ್ಟು ಮಾಡಿದ. ವೇಗ ಹೆಚ್ಚಿತು, ಶೋಕದ ಶ್ರುತಿ ಇದ್ದಲ್ಲೇ ಇತ್ತು. ನೂರು ಪಿಟೀಲು ಈಗ ಓಡುತ್ತಾ ಅಳತೊಡಗಿದವು.

"ಬೇಗ ಬಾರಿಸ್ತಾವ್ರೆ ಅಂದ್ರೆ ಎತ್ತೋ ಹೊತ್ತಾಯ್ತು" ಎಂದು ಧನಪಾಲ್ ಚಪ್ಪಲಿ ಕಳಚಿದ. ಹೆಂಗಸರು ಒಮ್ಮೆಗೇ ಗೊಳೋ ಎಂದರು.

ಆ ಸದ್ದಿಗೆ ಬಾಗಿಲು ತೆರೆಯಿತು. ಬಾಯಿಯಲ್ಲಿ ಬ್ರಷ್ ಇಟ್ಟುಕೊಂಡ ಬೆನಕಪ್ಪನವರು ಹೊಸ್ತಿಲ ಮೇಲೆ ನಿಂತಿದ್ದರು.

"ಏನ್ರಪ್ಪಾ, ಯಾರು ಹೋದ್ರು?"

ಧನಪಾಲ್ ಹಾರವನ್ನು ಬೆನ್ನ ಹಿಂದೆ ಹಿಡಿದ. ಬೆನಕಪ್ಪನವರು ಅರವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು, ವಿಷಯ ತಿಳಿಯಲು ಹೊತ್ತು ಬೇಕಾಗಲಿಲ್ಲ. ಬಾಯಿ ಮುಕ್ಕಳಿಸಿ ಬಂದು ತಲೆ ಎಣಿಸಿದರು.

"ನೂರ್ ಜನದ ಮ್ಯಾಲೆ ಅವ್ರೆ. ಪರ್ವಾಗಿಲ್ಲ. ಎದುರ್ಮನೆ ಗಿರಿಯಪ್ಪ ಎಲ್ಲಿ?"

"ತೋಟಕ್ ಹೋಗವ್ನೆ ಯಜಮಾನ್ರೆ."

"ಹೋಗ್ಲಿ. ಅವ್ನ ಮಣ್ಣಿಗೆ ನಾನೂ ಹೋಗಲ್ಲ."

ಜನ ನಕ್ಕರು. ಸಿಕಂದರನಿಗೆ ಹೋದ ಜೀವ ಬಂದಂತಾಯಿತು. ಹೆಣವೇ ಇಲ್ಲದ ಮೇಲೆ ಒಲೆ ಹಚ್ಚಲೇಬೇಕು. ಪಿಟೀಲು ನಿಲ್ಲಿಸಿ, ಸೊಪ್ಪಿಗೆ ನೀರು ಚಿಮುಕಿಸಿ, ತಕ್ಕಡಿ ಒರೆಸಿದ. ತೀರ್ಥಮ್ಮ ಚೀಲವನ್ನೂ ತಂದರು.

"ಯಾರೂ ಒಲೆ ಹಚ್ಬೇಡಿ!" ಎಂದರು ಬೆನಕಪ್ಪನವರು ಕೈಯೆತ್ತಿ. "ಸತ್ತು ಬದುಕಿವ್ನಿ ಕಣ್ರೋ. ಇವತ್ತು ಇಡೀ ಬೀದಿಗೆ ನಮ್ಮನೇಲೇ ಊಟ."

ತೀರ್ಥಮ್ಮ ಚೀಲ ಮಡಿಸಿದರು. ಸಿಕಂದರ್ ಜಗಲಿಗೆ ಓಡಿದ.

"ಯಜಮಾನ್ರೆ, ನೂರ್ ಜನಕ್ಕೆ ಸಾಲೋ ತರಕಾರಿ ಗಾಡೀಲೇ ಅವೆ!"

"ನಿನ್ ಬೀನ್ಸ್ ಸೋಸಿ ಬೇಯ್ಸೋ ಹೊತ್ಗೆ ನಾನು ನಿಜವಾಗ್ಲೂ ಹೋಗಿರ್ತೀನಿ. ಅಳಿಯಂದು ತರೀಕೆರೇಲಿ ಅಡುಗೆ ಕಂಟ್ರ್ಯಾಕ್ಟು. ಹೆಂಗೂ ಹೊರಡ್ತಾವ್ನೆ, ಮಾಡಿದ್ ಅಡುಗೆನೇ ವ್ಯಾನಲ್ಲಿ ತತ್ತಾನೆ. ನೀನೂ ಕೂತ್ಕಂಡು ಉಣ್ಣು, ನಿನ್ನಿಂದ್ಲೇ ಅಲ್ವಾ ಇದೆಲ್ಲ."

ವ್ಯಾನು ಒಂದೂವರೆಗೆ ಬಂತು. ಹೋಳಿಗೆ ಊಟ, ಅಡುಗೆ ಚೆನ್ನಾಗಿತ್ತು. ಮಿಕ್ಕ ಅನ್ನ ಸಾರನ್ನು ಮನೆಮನೆಗೂ ಕ್ಯಾರಿಯರಿನಲ್ಲಿ ಹಂಚಿದ್ದರಿಂದ ಪೇಟೆ ಬೀದಿಯವರು ರಾತ್ರಿಯೂ ಒಲೆ ಹಚ್ಚಲಿಲ್ಲ.

ಗಾಡಿಯಲ್ಲೇ ಬಾಡಿದ ಸೊಪ್ಪು, ಬೀನ್ಸು, ಬದನೆ, ಟೊಮೇಟೊ ಎಲ್ಲವನ್ನೂ ತೀರ್ಥಮ್ಮನ ಹಸು ತಿಂದಿತು. ಆ ದಿನ ಬೆನಕಪ್ಪನವರಿಗೆ ಒಂದು ಜನ್ಮ ಲಾಭವಾಯಿತು, ಸಿಕಂದರನಿಗೆ ನಾಲ್ಕು ಹೋಳಿಗೆ. ಒಂದು ಹೋಳಿಗೆ ಅವನಿಗೆ ಸಾವಿರ ರೂಪಾಯಿ ಬಿತ್ತು.