ರೊಟ್ಟಿ ಉಬ್ಬಿದಷ್ಟು ಉಸಿರು

ಹಸುಗೂಸುಗಳ ಉಸಿರಾಟ ನೋಡಿಕೊಳ್ಳುವ ಥೆರಪಿಸ್ಟರಿಗೆ ಪಾಠ ಹೇಳುವುದು ನನ್ನ ಕೆಲಸ. ತುಮಕೂರು ಕಡೆಯವಳು ನಾನು, ಈಗ ಒಂದು ರಬ್ಬರ್ ಗೊಂಬೆಯನ್ನು ಬಗಲಲ್ಲಿ ಇಟ್ಟುಕೊಂಡು ಯಾದಗಿರಿ, ಶಹಾಪುರ, ಸುರಪುರ ಎಂದು ತಿರುಗುತ್ತೇನೆ. ಹೊರಡುವಾಗ ಮುಖ ಗಂಭೀರವಾಗಿಯೇ ಇರುತ್ತದೆ. ಆದರೆ ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸುವಷ್ಟರಲ್ಲಿ, ಒಬ್ಬಳೇ ನಗುವಂಥದ್ದು ಏನಾದರೊಂದು ಆಗಿಯೇ ಇರುತ್ತದೆ. ಪಕ್ಕದ ಸೀಟಿನವರು ಗೊಂಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತುಸು ಸರಿದು ಕೂರುತ್ತಾರೆ.

ಸೀದ ರೊಟ್ಟಿ

ಯಾದಗಿರಿಯ ತಂಡದಲ್ಲಿ ದೇವಾಪುರದವನೊಬ್ಬ ಇದ್ದ. ಆಳು ಬಾಗಿಲಷ್ಟು. ದೊಡ್ಡವರ ಐಸಿಯುವಿನಲ್ಲಿ ಪಳಗಿದವನು. ಅವನ ಕೈಗೆ ಗೊಂಬೆಯನ್ನೂ ಗಾಳಿ ಒತ್ತುವ ಪುಟ್ಟ ಚೀಲವನ್ನೂ ಕೊಟ್ಟರೆ ಟ್ರ್ಯಾಕ್ಟರ್ ಗಾಲಿಗೆ ಗಾಳಿ ಹೊಡೆದಂತೆ ಒತ್ತಿದ.

"ಅಷ್ಟು ಬೇಡಪ್ಪ. ಕೂಸಿನ ಎದೆ ಅದು. ಹಂಚಿನ ಮೇಲೆ ರೊಟ್ಟಿ ಉಬ್ಬೋಕೆ ಶುರುವಾಗುತ್ತಲ್ಲ, ಅಷ್ಟು ಎದ್ದರೆ ಸಾಕು," ಎಂದೆ.

ಮರುದಿನ ಬಂದವನೇ ಎರಡು ಬೆರಳಲ್ಲಿ ಚೀಲವನ್ನು ಹೂವಿನಂತೆ ಹಿಡಿದ. ಗೊಂಬೆಯ ಎದೆ ಎದ್ದಿತೋ ಇಲ್ಲವೋ ಎನ್ನುವಷ್ಟು ಎದ್ದು, ಇಳಿಯಿತು. ಒಂದು ಗಳಿಗೆ ಅದು ರಬ್ಬರ್ ಎಂಬುದೇ ನನಗೆ ಮರೆತುಹೋಯಿತು.

"ಎಲ್ಲಿ ಕಲಿತೆ?" ಎಂದು ಕೇಳಿದೆ.

"ಒಲಿ ಮುಂದ ಕುಂತು ಕಲ್ತೀನ್ರಿ. ಉಬ್ಬೂದು ನೋಡ್ಬೇಕಂತ ಮನ್ಯಾಕಿಗಿ ರೊಟ್ಟಿ ತಿರುವಾಕ ಬಿಡ್ಲಿಲ್ಲ. ಎಲ್ಲಾ ಸೀದ್ವು. ಈ ಟ್ರೇನಿಂಗ್ ಯಾವಾಗ ಮುಗೀತದ ಅಂತ ನಿಮ್ಮನ್ನ ಕೇಳಾಕ ಹೇಳ್ಯಾಳ್ರಿ."

ಮಲಗಿದ ಬೆಟ್ಟ

ಮುಂದಿನ ಪಾಠಕ್ಕೆ ಅದೇ ತಂಡವನ್ನು ಶಹಾಪುರಕ್ಕೆ ಕರೆದೊಯ್ದೆ. ಅಲ್ಲಿ ಕಿಟಕಿಗೆ ನೇರವಾಗಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ. ಹಣೆ, ಮೂಗು, ಎದೆ, ಎಲ್ಲ ಲಕ್ಷಣವಾಗಿ ಕಾಣುತ್ತವೆ.

ಊಟವಾದ ಮೇಲೆ ಉಸಿರು ಎಣಿಸುವ ಪಾಠ. ಕೂಸು ದೊಡ್ಡವರಂತೆ ಒಂದೇ ಸಮನೆ ಉಸಿರಾಡುವುದಿಲ್ಲ. ಸರಸರ ಆಡುತ್ತದೆ, ನಡುವೆ ಏನೋ ನೆನಪಾದಂತೆ ಚೂರು ನಿಲ್ಲುತ್ತದೆ, ಮತ್ತೆ ಶುರು ಮಾಡುತ್ತದೆ. ಅದಕ್ಕೇ ಪೂರ್ತಿ ಒಂದು ನಿಮಿಷ ಎಣಿಸಬೇಕು ಎಂದು ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ಕಿಟಕಿಯಾಚೆ ಹೋಯಿತು. ಬಿಸಿಲು ನೀರಿನಂತೆ ಅಲುಗುತ್ತಿತ್ತು. ಬೆಟ್ಟದ ಎದೆ ಮೆಲ್ಲಗೆ ಏರಿ ಇಳಿದಂತೆ ಕಂಡಿತು. ನನ್ನಾಣೆಗೂ ಕಂಡಿತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ.

ಹಿಂದಿನ ಬೆಂಚಿನಿಂದ ದೇವಾಪುರದವನ ದನಿ ಬಂತು: "ಮೇಡಂರಿ, ಅವರ್ದೂ ಎಣಿಸಾಕತ್ತೀನಿ. ಅಷ್ಟು ದೊಡ್ಡವರಿಗಿ ನಿಮಿಷಕ್ಕ ಎಷ್ಟ್ ಬರಬೇಕ್ರಿ?"

ಕಾಗಿ ಮರಿ

ತರಬೇತಿ ಮುಗಿಸಿ ಅವನು ಸುರಪುರದ ಒಂದು ಆಸ್ಪತ್ರೆ ಸೇರಿದ. ಅಲ್ಲಿ ದಿನ ತುಂಬದೆ ಹುಟ್ಟಿದ ಒಂದು ಹೆಣ್ಣು ಕೂಸು ಅವನ ಪಾಲಿಗೆ ಬಂತು. ಮೂಗಿಗೆ ಸಣ್ಣ ನಳಿಕೆ, ಅದರ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ. ಗಾಳಿ ಆ ನೀರಲ್ಲಿ ಗುಳುಗುಳು ಎನ್ನುತ್ತಿದ್ದರೆ ಕೂಸಿನ ಶ್ವಾಸಕೋಶ ಮುದುಡುವುದಿಲ್ಲ. ಆ ಬೆಚ್ಚನೆಯ ಕೋಣೆಯಲ್ಲಿ ಆ ಸದ್ದು ಕೇಳುತ್ತಾ ನಿಂತರೆ ಯಾರಿಗಾದರೂ ಜೊಂಪು ಹತ್ತಬೇಕು.

ಕೂಸಿನ ಅಜ್ಜಿ, ಎಲ್ಲರ ಬಾಯಲ್ಲೂ ಆಯಿ, ಕೃಷ್ಣಾ ಹೊಳೆಯಲ್ಲಿ ಮೀನು ಹಿಡಿಯುವ ಮನೆಯವಳು. ಮಗಳಿಗೆ ಉಳಿದ ಕೂಸು ಇದೊಂದೇ. ಆಯಿ ಬಾಟಲಿಯ ಮುಂದಿನಿಂದ ಏಳುತ್ತಲೇ ಇರಲಿಲ್ಲ. "ಗುಳ್ಳಿ ಏಳೂತನ ನೀರಾಗ ಜೀವ ಅದ ಯವ್ವಾ," ಎನ್ನುತ್ತಿದ್ದಳು. ಒಮ್ಮೆ ನೋಡಲು ಹೋದಾಗ ಆ ಗುಳ್ಳೆಗಳ ಗುಂಗಿನಲ್ಲಿ ನಾನು, "ಎಷ್ಟು ಚೆಂದ ಇದೆ ಕೂಸು!" ಎಂದುಬಿಟ್ಟೆ. ಆಯಿ ಥೂ ಥೂ ಎಂದು ನೆಲಕ್ಕೆ ಉಗಿದಂತೆ ಮಾಡಿ, ಸೆರಗು ಅಡ್ಡ ಹಿಡಿದಳು. ದೃಷ್ಟಿಯ ಮಾತು ನಮ್ಮ ಕಡೆಯೂ ಇದೆ. ನಾಲಿಗೆ ಕಚ್ಚಿಕೊಂಡೆ. ಆದರೆ ಆಯಿ ನನ್ನನ್ನು ಕ್ಷಮಿಸಲಿಲ್ಲ.

ಕೆಲವು ದಿನಗಳಾದ ಮೇಲೆ ಡಾಕ್ಟರು, "ಇವತ್ತು ನಳಿಕೆ ತೆಗೆದು ನೋಡೋಣ," ಎಂದರು. ಕೂಸು ತಾನೇ ಉಸಿರಾಡಬೇಕಾದ ದಿನ. ನಾನು ಶಹಾಪುರದಲ್ಲಿ ಪಾಠ ಮಾಡುತ್ತಿದ್ದೆ, ಜೀವವೆಲ್ಲ ಸುರಪುರದಲ್ಲಿತ್ತು. ದೇವಾಪುರದವನ ಫೋನ್ ಬಂತು.

"ನಳಿಕೆ ತೆಗೆದ್ರಾ? ಹೇಗಿದೆ?"

"ಏನ್ ಹೇಳ್ಲಿರಿ ಮೇಡಂ," ದನಿ ಬಾವಿಯೊಳಗಿಂದ ಬಂದಂತಿತ್ತು. "ಏನೂ ಚಲೋ ಇಲ್ರಿ. ಕರ್ರಗ ಕಾಗಿ ಮರಿ ಆಗ್ಯಾದ."

ಫೋನ್ ಕಟ್ಟಾಯಿತು. ನಮ್ಮ ಕೆಲಸದಲ್ಲಿ ಕೂಸು ಕಪ್ಪಗಾಯಿತು ಎಂದರೆ ಉಸಿರು ಸಾಲುತ್ತಿಲ್ಲ ಎಂದೇ ಅರ್ಥ. ಮತ್ತೆ ಫೋನ್ ಮಾಡಿದೆ. ಅವನೂ ಎತ್ತಲಿಲ್ಲ, ಡಾಕ್ಟರೂ ಎತ್ತಲಿಲ್ಲ. ಪಾಠ ಅಲ್ಲಿಗೇ ಬಿಟ್ಟು ಸಿಕ್ಕ ಜೀಪು ಹತ್ತಿದೆ. ಹತ್ತಿ ಹೊಲಗಳು ಬೆಳ್ಳಗೆ ಹಿಂದಕ್ಕೆ ಹೋಗುತ್ತಿದ್ದವು, ಸುರಪುರ ಮಾತ್ರ ಕನಸಿನ ಊರಿನಂತೆ ಹತ್ತಿರವೇ ಬರಲಿಲ್ಲ. ಗೊಂಬೆಯನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದೆ. ಡ್ರೈವರ್ ಪಾಪ, ಗೊಂಬೆಗೇ ಏನೋ ಆಗಿದೆ ಎಂದು ಜೋರಾಗಿ ಓಡಿಸಿದ.

ಕೋಣೆಗೆ ಕಾಲಿಟ್ಟರೆ ಗುಳುಗುಳು ಸದ್ದಿಲ್ಲ. ಬಾಟಲಿ ಸುಮ್ಮನಿತ್ತು.

ದೇವಾಪುರದವನ ಅಗಲವಾದ ಕೈಗಳ ನಡುವೆ ಕೂಸು ಕೆಂಪಗೆ ಮಲಗಿತ್ತು. ಎದೆ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಸರಿಯಾಗಿ ರೊಟ್ಟಿ ಉಬ್ಬಿದಷ್ಟು.

"ಇದಕ್ಕೇನೋ ಕಾಗೆ ಮರಿ ಅಂದಿದ್ದು?" ಎಂದು ಹಲ್ಲು ಕಚ್ಚಿ ಕೇಳಿದೆ.

"ಮತ್ತೇನ್ ಹೇಳ್ಬೇಕಿತ್ರಿ?" ಎಂದು ಅವನು ಪಿಸುಗುಟ್ಟಿದ. "ಆಯಿ ಬಾಜೂಕ ನಿಂತಿದ್ಲು. ಚಲೋ ಅದ ಅನ್ನಾಕ ಬಾಯಿ ತೆರದ್ರ ಕೈಯಾಗಿನ ಫೋನ್ ಕಸ್ಗೊಂಡ್ಲು."

ಅಷ್ಟರಲ್ಲಿ ಆಯಿ ಬಂದು ನನ್ನ ಕೈ ಹಿಡಿದಳು. "ನೀನರ ಹೇಳ ಯವ್ವಾ, ಹ್ಯಾಂಗದ ನಮ್ಮ ಕೂಸು?"

ಕಣ್ಣೊರೆಸಿಕೊಂಡೆ. "ಏನು ಹೇಳಲಿ ಆಯಿ! ಇಷ್ಟು ಕುರೂಪಿ ಕೂಸನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೂಗು ನೋಡಿದರೆ ಹುಣಸೆ ಬೀಜ. ದನಿ ಕೇಳಿದರೆ ಕತ್ತೆ."

ಆಯಿಯ ಮುಖ ಅರಳಿತು. ದೇವಾಪುರದವನ ಬೆನ್ನು ತಟ್ಟಿ ಹೇಳಿದಳು:

"ಭೇಷ್ ಮಗನ! ಈಕಿಗಿ ಚಲೋ ಟ್ರೇನಿಂಗ್ ಕೊಟ್ಟೀದಿ ನೋಡು."