ಪೈಯಲ್ಲಿ ಒಂದೇ ಜಾಗ

ಪೈ ಸಂಖ್ಯೆಯ ಅಂಕಿಗಳ ಸಾಲಿನಲ್ಲಿ ಹುಟ್ಟಿದ ತಾರೀಖು ಸಿಗದವರನ್ನು ಹುಟ್ಟಿದವರೆಂದು ಪರಿಗಣಿಸತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದು ಕೆಲವು ವರ್ಷಗಳಾಗಿದ್ದು, ಇದರಿಂದ ಸಾರ್ವಜನಿಕರಿಗೆ ಬಹಳ ಅನುಕೂಲವಾಗಿದೆ. ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಈ ಸಂಖ್ಯೆಗೆ ಕೊನೆಯೇ ಇಲ್ಲವೆಂದು ಗಣಿತದವರು ಹೇಳುತ್ತಾರೆ. ಕೊನೆಯಿಲ್ಲದ ಕಾಮಗಾರಿಗೆ ಬಿಲ್ಲು ಪಾಸು ಮಾಡುವುದು ಹೇಗೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದರಿಂದ, ಹತ್ತು ಲಕ್ಷನೆಯ ಅಂಕಿಗೆ ಪೈಯನ್ನು ಮುಕ್ತಾಯಗೊಳಿಸಿ ಆದೇಶ ಹೊರಟಿತು. ದಶಮಾಂಶ ಬಿಂದುವಿಗೆ ಹತ್ತಿರದ ಜಾಗಗಳು ಗಣ್ಯರಿಗೆ ಮೀಸಲು. ಅವುಗಳಲ್ಲೊಂದು ಗುತ್ತಿಗೆದಾರರೊಬ್ಬರ ನಾಯಿಗೆ ಸಿಕ್ಕಿದೆ. ಪಾಪ, ಒಳ್ಳೆಯ ನಾಯಿ.

ಇಸ್ತ್ರಿ ಅಂಗಡಿಯ ಅಮ್ಮನಿಗೆ ಇದರ ಬಿಸಿ ತಟ್ಟಿದ್ದು ಕಿರಿಮಗಳ ಮದುವೆ ಗೊತ್ತಾದಾಗ. ವರ ಗಡಿಯಾರ ರಿಪೇರಿಯವನು, ಸಾಧು. ನೋಂದಣಿಗೆ ಪೈ ಸ್ಥಾನಪತ್ರ ಬೇಕಿತ್ತು. ಆಕೆಯ ಹೆಣ್ಣುಮಕ್ಕಳಿಬ್ಬರೂ ಅವಳಿಗಳು. ಅವರ ತಾರೀಖು ಸಿಕ್ಕಿದ್ದು ಒಂದೇ ಕಡೆ, ಅದು ಆಗಲೇ ಹಿರಿಯವಳ ಹೆಸರಿಗೆ ಹಂಚಿಕೆಯಾಗಿತ್ತು. ಒಂದೇ ಮನೆಯ ಇಬ್ಬರು ಒಂದೇ ಜಾಗದಲ್ಲಿ ಹುಟ್ಟುವಂತಿಲ್ಲ.

"ಇಬ್ಬರನ್ನೂ ನಾನೇ ಹೆತ್ತಿದ್ದು ಸ್ವಾಮಿ," ಎಂದಳು ಅಮ್ಮ.

"ಹೆತ್ತಿರಬಹುದಮ್ಮ, ಇಲ್ಲ ಅನ್ನಲ್ಲ," ಎಂದ ಕಚೇರಿಯ ಗುಮಾಸ್ತ. "ಆದ್ರೆ ಇಲ್ಲಿ ಸಿಗ್ಬೇಕಲ್ಲ."

ಮತ್ತೂ ಮುಂದೆ ಹುಡುಕಿದರೆ ಇನ್ನೊಂದು ಕಡೆ ಸಿಕ್ಕೀತೆಂದು ಗಡಿಯಾರದವನು ಮೆಲ್ಲಗೆ ಸೂಚಿಸಿದ. ಮಂಜೂರಾಗದ ಅಂಕಿಗಳಲ್ಲಿ ಹುಡುಕುವುದು ಒತ್ತುವರಿ ಆಗುತ್ತದೆಂದು ಅವನಿಗೆ ಎಚ್ಚರಿಕೆ ಕೊಡಲಾಯಿತು. ಅಮ್ಮ ಮೇಜಿಂದ ಮೇಜಿಗೆ ಅಲೆದು ಚಪ್ಪಲಿ ಸವೆಸಿದಳು. ಅವಳಿಗಿದ್ದದ್ದು ಒಂದೇ ಆಸೆ: ಮದುವೆಯ ದಿನ ಇಬ್ಬರು ಮಕ್ಕಳೂ ಅಕ್ಕಪಕ್ಕ ನಿಂತಿರುವುದನ್ನು ಕಣ್ತುಂಬ ನೋಡಬೇಕು.

ಕೊನೆಗೆ ದೊಡ್ಡ ಸಾಹೇಬರು ಕರಗಿದರು. ಅವರ ಮನೆಯ ಬಟ್ಟೆಗಳು, ಕಿಟಕಿ ಪರದೆಗಳ ಸಮೇತ, ನಿವೃತ್ತಿಯವರೆಗೆ ಪುಕ್ಕಟೆ ಇಸ್ತ್ರಿಗೆ ಅಂಗಡಿಗೆ ಬರುವುದೆಂದು ಮಾತಾದ ಮೇಲೆ ಹಂಚಿಕೆ ಆದೇಶ ಬಂತು. ಸೋಮವಾರದಿಂದ ಬುಧವಾರದವರೆಗೆ ಆ ಜಾಗದಲ್ಲಿ ಹಿರಿಯವಳು ಇರತಕ್ಕದ್ದು, ಗುರುವಾರದಿಂದ ಶನಿವಾರದವರೆಗೆ ಕಿರಿಯವಳು. ಭಾನುವಾರ ಕಚೇರಿಗೆ ರಜೆಯಾದ್ದರಿಂದ ಇಬ್ಬರೂ ಇರುವಂತಿಲ್ಲ.

ಮದುವೆ ಗುರುವಾರಕ್ಕೆ ನಿಶ್ಚಯವಾಯಿತು. ಅಕ್ಕನೇ ಸಾಕ್ಷಿಯಾಗಬೇಕೆಂದು ಕಿರಿಯವಳು ಹಟ ಹಿಡಿದು ಅತ್ತಳು. ಅದಕ್ಕೂ ಅವಕಾಶವಿತ್ತು. ಹಿರಿಯವಳು ಬುಧವಾರವೇ ಬಂದು, ನಾಳೆ ನಡೆದ ಮದುವೆಯನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಸಹಿ ಹಾಕಿದಳು. ಇಷ್ಟು ಅಚ್ಚುಕಟ್ಟಾದ ಸಾಕ್ಷಿಯನ್ನು ತಾವು ನೋಡಿಯೇ ಇಲ್ಲವೆಂದು ನೋಂದಣಾಧಿಕಾರಿ ಮೆಚ್ಚಿಕೊಂಡರು.

ಗುರುವಾರ ಹಿರಿಯವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ತಂಗಿಗೆಂದು ತಾನೇ ಹೊಲಿದ ರವಿಕೆಗೆ ಜೋಡಿಯಾದ ಇನ್ನೊಂದನ್ನು ತೊಟ್ಟು ಬಂದು, ನೋಂದಣಿ ಕೋಣೆಯ ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತಳು. ಒಳಗೆ ಕಿರಿಯವಳು ಪೆನ್ನು ಹಿಡಿದು ಬಾಗಿಲ ಕಡೆಯೇ ನೋಡುತ್ತಿದ್ದಳು. ಬಾಗಿಲಲ್ಲಿದ್ದ ಕಾವಲುಗಾರನಿಗೆ ಅನುಮಾನ ಬಂತು.

"ಹೊರಗೆ ಕೂತಿರೋದು ಯಾರಮ್ಮ?" ಎಂದು ಅಮ್ಮನನ್ನು ಕೇಳಿದ.

ಹಿರಿಮಗಳೆಂದರೆ ಮದುವೆ ರದ್ದಾಗುತ್ತದೆ. ಅಮ್ಮ ಬೆಂಚಿನ ಕಡೆ ತಿರುಗಿ, ಹೆತ್ತ ಮಗಳ ಮುಖವನ್ನು ನೆಟ್ಟಗೆ ನೋಡಿದಳು.

"ಯಾರೂ ಇಲ್ಲಪ್ಪ," ಎಂದಳು. "ಇವತ್ತು ಗುರುವಾರ ಅಲ್ವಾ."

ಹಿರಿಯವಳು ಹೌದೆಂದು ತಲೆಯಾಡಿಸಿದಳು. ಬೆಂಚು ಖಾಲಿ ಇರುವುದು ಖಚಿತವಾದ್ದರಿಂದ ಕಾವಲುಗಾರ ತನ್ನ ಊಟದ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು ಒಳಗೆ ಹೋದ. ಅವಳು ಅದು ಬೀಳದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡಳು.